ಮುಂದಿನ ಟ್ಯಾಂಕಿನಲ್ಲಿ ಕೂತ ಜನರಲ್

2023ರ ಆಗಸ್ಟಿನಲ್ಲಿ ಮಡಿಕೇರಿಯ ವೃತ್ತದಲ್ಲಿ ಬಸ್ಸೊಂದು ಗುದ್ದಿ ಜನರಲ್ ತಿಮ್ಮಯ್ಯನವರ ಪ್ರತಿಮೆ ನೆಲಕ್ಕುರುಳಿತು. ಊರಿಗೆ ಊರೇ ಮಾತಾಡಿತು. ತಪ್ಪು ಡ್ರೈವರನದೋ, ವೃತ್ತದ ಸುತ್ತಿನದೋ ಎಂದು ಅಂಗಡಿ ಕಟ್ಟೆಗಳಲ್ಲಿ ಪಂಚಾಯಿತಿಯಾಯಿತು. ಆಮೇಲೆ ಪ್ರತಿಮೆ ರಿಪೇರಿಯಾಗಿ ಎದ್ದು ನಿಂತಿತು, ಮಾತೂ ನಿಂತುಹೋಯಿತು. ಆದರೆ ಆ ಕಟ್ಟೆಯ ಮೇಲೆ ನಿಂತವರು ಬದುಕಿದ್ದಾಗ ಮಾಡಿದ್ದೇನು ಅಂತ ಕೇಳಿ ನೋಡಿ. ದೊಡ್ಡ ಮಿಲಿಟರಿ ಆಫೀಸರು, ಸೈನ್ಯದ ಮುಖ್ಯಸ್ಥರಾಗಿದ್ದರು ಅನ್ನುವಷ್ಟರಲ್ಲಿ ಮುಕ್ಕಾಲು ಪಾಲು ಜನರ ಉತ್ತರ ಮುಗಿಯುತ್ತದೆ.

ಅವರು ಬೆಳೆದ ಸನ್ನಿ ಸೈಡ್ ಮನೆಯದೂ ಇದೇ ಕಥೆ. ಎಷ್ಟೋ ವರ್ಷ ಅಲ್ಲಿ ಆರ್.ಟಿ.ಓ. ಕಚೇರಿ ಇತ್ತು. ಲೈಸೆನ್ಸಿಗೆ, ಪರ್ಮಿಟ್ಟಿಗೆ ಅಂತ ಆ ಮೆಟ್ಟಿಲು ಹತ್ತಿಳಿದ ಲಾರಿ ಮಾಲೀಕರು, ಜೀಪು ಡ್ರೈವರುಗಳು ಸಾವಿರಾರು. ಯಾರ ಮನೆಯ ಮೆಟ್ಟಿಲು ಅಂತ ಎಷ್ಟು ಜನ ಯೋಚಿಸಿದ್ದರೋ! 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದ ಮೇಲೆ ಮನೆಗೆ ಅದರ ಮರ್ಯಾದೆ ವಾಪಸ್ಸು ಬಂತು.

ಹಾಗಾಗಿ ಇವತ್ತು ಆ ಮನೆಯ ಹುಡುಗನ ಕಥೆ. ಅದರಲ್ಲೂ ಒಂದು ದಿನದ ಕಥೆ. 1948ರ ನವೆಂಬರ್ 1.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು. ಕಾಫಿ ತೋಟದ ಮನೆತನ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಡುಬ್ಬು. ಆಮೇಲೆ ಮಿಲಿಟರಿಯಲ್ಲಿ ಅದು ಟಿಮ್ಮಿ ಆಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಕೊಡಂದೇರ ಒಕ್ಕದವರೇ. ಒಂದೇ ಒಕ್ಕದಿಂದ ದೇಶದ ಸೈನ್ಯಕ್ಕೆ ಇಬ್ಬರು ಮುಖ್ಯಸ್ಥರು! ಇಂಥ ಲೆಕ್ಕ ಬೇರೆ ಯಾವ ಜಿಲ್ಲೆಯವರು ಕೊಡುತ್ತಾರೆ ಹೇಳಿ.

ಎಂಟು ವರ್ಷದ ಹುಡುಗನನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಹಾಕಿದರು. ಅಲ್ಲಿಂದ ಬೆಂಗಳೂರಿನ ಬಿಷಪ್ ಕಾಟನ್, ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಆಫೀಸರ್ ಆಗಿ ಹೊರಬಿದ್ದರು. ಬಿಳಿಯರ ಸೈನ್ಯದಲ್ಲಿ ಕರಿಯ ಆಫೀಸರನ ಪಾಡು ಹೇಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಂತದಲ್ಲಿ ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸಿದಾಗ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಬೇಡ ಅಂದರಂತೆ. ನಾಳೆ ಸ್ವಾತಂತ್ರ್ಯ ಬಂದಾಗ ದೇಶಕ್ಕೆ ತರಬೇತಿಯಾದ ಸೈನಿಕರು ಬೇಕಾಗುತ್ತಾರೆ ಅನ್ನುವುದು ಅವರ ಮಾತಿನ ಸಾರ. ತಿಮ್ಮಯ್ಯ ಉಳಿದರು. 1935ರಲ್ಲಿ ಕ್ವೆಟ್ಟಾ ಭೂಕಂಪವಾದಾಗ ಹೊಸದಾಗಿ ಮದುವೆಯಾಗಿದ್ದ ಹೆಂಡತಿ ನೀನಾ ಜೊತೆ ಅಲ್ಲೇ ಇದ್ದರು. ಅವಶೇಷದಡಿ ಸಿಕ್ಕವರ, ಗಾಯಗೊಂಡವರ ಸೇವೆಗೆ ಗಂಡ ಹೆಂಡತಿ ಇಬ್ಬರೂ ಇಳಿದರು. ಆ ಕೆಲಸಕ್ಕೆ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು.

ಎರಡನೇ ಮಹಾಯುದ್ಧ ಬಂತು. ಆ ಮನೆಯ ವಿಚಿತ್ರ ನೋಡಿ. ಅಣ್ಣ ಪೊನ್ನಪ್ಪ ಸುಭಾಷ್ ಬೋಸರ ಐ.ಎನ್.ಎ. ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದ ಅರಕಾನಿನಲ್ಲಿ ಜಪಾನೀಯರ ಎದುರು ಹೈದರಾಬಾದ್ ರೆಜಿಮೆಂಟಿನ ಒಂದು ಪಟಾಲಂ ನಡೆಸುತ್ತಿದ್ದರು. ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡೋದು ನಮ್ಮ ಅಂಕಣದ ಕೆಲಸವಲ್ಲ.

1945ರ ಜನವರಿ ಕೊನೆಯಲ್ಲಿ ಕಂಗಾವ್ ಅನ್ನುವ ಜಾಗದಲ್ಲಿ ಜಪಾನೀಯರು ಹಿಂದೆ ಸರಿಯುವ ರಸ್ತೆಯನ್ನು ಕತ್ತರಿಸಬೇಕಾಗಿತ್ತು. ಕೆಸರು, ಕಾಲುವೆ, ಮೇಲೆ ಗುಡ್ಡದಿಂದ ಗುಂಡು. ಆ ಬ್ರಿಗೇಡಿನ ಮೂರು ಪಟಾಲಮಿಗೂ ಮೂವರು ಭಾರತೀಯರೇ ನಾಯಕರು. ತಿಮ್ಮಯ್ಯ, ಥೋರಟ್, ಸೇನ್. ನೇಟಿವ್ ಆಫೀಸರನಿಗೆ ಕವಾಯತು ಮಾಡಿಸೋದು ಬರುತ್ತೆ, ಯುದ್ಧ ನಡೆಸೋದು ಬರಲ್ಲ ಅನ್ನುತ್ತಿದ್ದ ಬಾಯಿಗಳು ಅಲ್ಲಿ ಮುಚ್ಚಿದವು. ಮೂವರಿಗೂ ಡಿ.ಎಸ್.ಓ. ಪದಕ ಬಂತು. ಆಮೇಲೆ ತಿಮ್ಮಯ್ಯನವರ ಕೈಗೆ ಪೂರ್ತಿ ಬ್ರಿಗೇಡನ್ನೇ ಕೊಟ್ಟರು. ಆ ಮಹಾಯುದ್ಧದಲ್ಲಿ ರಣರಂಗದಲ್ಲೇ ಕಾಲಾಳು ಬ್ರಿಗೇಡ್ ನಡೆಸಿದ ಭಾರತೀಯರು ಅವರೊಬ್ಬರೇ.

ಸ್ವಾತಂತ್ರ್ಯ ಬಂದ ಮೇಲೆ ಅವರು ಮೇಜರ್ ಜನರಲ್ ಆದರು. ಪಂಜಾಬಿನಲ್ಲಿ ದೇಶ ಎರಡು ಹೋಳಾದಾಗಿನ ನರಕ ನೋಡಿದ್ದಾಯಿತು. 1948ರ ಮೇ ತಿಂಗಳಲ್ಲಿ ಶ್ರೀನಗರಕ್ಕೆ ಬಂದು ಕಾಶ್ಮೀರ ಕಣಿವೆಯ ಡಿವಿಜನ್ ವಹಿಸಿಕೊಂಡರು. ನಮ್ಮ ನಿಜವಾದ ಕಥೆ ಶುರುವಾಗೋದು ಇಲ್ಲಿಂದ.

ಲೇಹ್‌ಗೆ ಮೊದಲ ವಿಮಾನ

ಆಗ ಲಡಾಖಿನ ರಾಜಧಾನಿ ಲೇಹ್ ಕುತ್ತಿಗೆಗೆ ಬಂದಿತ್ತು. ಗಿಲ್ಗಿಟ್ ಕಡೆಯಿಂದ ಇಳಿದ ದಾಳಿಕೋರರು ಕಾರ್ಗಿಲ್ ಹಿಡಿದಿದ್ದರು, ದ್ರಾಸ್ ಕಡೆ ಕೈ ಚಾಚಿದ್ದರು. ಅಲ್ಲಿ ನಮ್ಮವರು ಅಂದರೆ ಚಳಿಗಾಲದ ಹಿಮದಲ್ಲೇ ಜೋಜಿಲಾ ದಾಟಿ ನಡೆದುಹೋಗಿದ್ದ ಕ್ಯಾಪ್ಟನ್ ಪೃಥಿ ಚಂದ್ ಅವರ ಸಣ್ಣ ತುಕಡಿ ಅಷ್ಟೇ. ರಸ್ತೆ ಇಲ್ಲ. ಆಕಾಶ ಒಂದೇ ದಾರಿ. ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರು ಊರಿನ ಜನರನ್ನು ಕಟ್ಟಿಕೊಂಡು ಸಿಂಧೂ ನದಿಯ ದಡದಲ್ಲಿ ಮಣ್ಣು ಸಮ ಮಾಡಿ ಒಂದು ಓಟದ ಪಟ್ಟಿ ಮಾಡಿದ್ದರು. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ!

ಅಲ್ಲಿಗೆ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ಇದ್ದದ್ದು ಡಕೋಟಾ. ಅಷ್ಟು ಎತ್ತರಕ್ಕೆ ಹೇಳಿ ಮಾಡಿಸಿದ್ದಲ್ಲ. ಸರಿಯಾದ ನಕ್ಷೆಯಿಲ್ಲ, ರೆಕ್ಕೆಯ ಮೇಲೆ ಹಿಮ ಕಟ್ಟಿದರೆ ಕರಗಿಸುವ ಸಲಕರಣೆಯಿಲ್ಲ. ಏರ್ ಕಮೋಡೋರ್ ಮೆಹರ್ ಸಿಂಗ್ ತಾವೇ ಹಾರಿಸಲು ಕೂತರು. ಪ್ರಯಾಣಿಕರ ಸೀಟಿನಲ್ಲಿ ಕೂತವರು ತಿಮ್ಮಯ್ಯ. 1948ರ ಮೇ 24ರಂದು ಆ ವಿಮಾನ ಬೆಟ್ಟಗಳ ನಡುವೆ ದಾರಿ ಹುಡುಕಿಕೊಂಡು ಹೋಗಿ ಲೇಹ್‌ನಲ್ಲಿ ಇಳಿಯಿತು.

ಒಂದು ಡಿವಿಜನ್ ನಡೆಸುವ ಮನುಷ್ಯ ಅಂಥ ವಿಮಾನದಲ್ಲಿ ಕೂರುವ ಅಗತ್ಯ ಏನಿತ್ತು? ಒಬ್ಬ ಕ್ಯಾಪ್ಟನನನ್ನೋ ಮೇಜರನನ್ನೋ ಕಳಿಸಿ, ಇಳಿದರೆ ಶಭಾಶ್, ಬಿದ್ದರೆ ಒಂದು ತಂತಿ ಅಂತ ಕೂರಬಹುದಿತ್ತು. ಈ ಪ್ರಶ್ನೆ ಇಟ್ಟುಕೊಂಡಿರಿ, ಐದೇ ತಿಂಗಳಲ್ಲಿ ಮತ್ತೆ ಬರುತ್ತದೆ.

ಆ ಇಳಿತದ ಮೇಲೆ ವಿಮಾನಗಳಲ್ಲಿ ಗೂರ್ಖಾ ಜವಾನರು ಬಂದಿಳಿದರು. ಲೇಹ್ ಉಸಿರಾಡಿತು. ಆದರೆ ಸಿಕ್ಕಿದ್ದು ಉಸಿರು ಮಾತ್ರ, ಊಟ ಅಲ್ಲ. ಡಕೋಟಾದಲ್ಲಿ ಎಷ್ಟು ಅಕ್ಕಿ, ಎಷ್ಟು ಮದ್ದುಗುಂಡು ಹೊರೋದು? ಜೂನಿನಲ್ಲಿ ದ್ರಾಸ್ ಹೋಯಿತು. ಸ್ಕರ್ದುವಿನಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡಿದ್ದ ಶೇರ್ ಜಂಗ್ ಥಾಪಾ ಅವರ ಪಡೆ ಅನ್ನ, ಗುಂಡು ಎರಡೂ ಮುಗಿದು ಆಗಸ್ಟಿನಲ್ಲಿ ಶರಣಾಯಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ಏಕೈಕ ದಾರಿಯ ಬಾಗಿಲು ಜೋಜಿಲಾ. ಆ ಬಾಗಿಲಿನ ಅಗುಳಿ ಶತ್ರುವಿನ ಕೈಯಲ್ಲಿತ್ತು. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಬಾಗಿಲು ತೆಗೆಯದಿದ್ದರೆ ಲಡಾಖನ್ನು ಮರೆಯಬೇಕಾಗಿತ್ತು.

ಜೋಜಿಲಾ ಹೇಗಿದೆ ಅಂತ ನಮ್ಮ ಬಸ್ಸಿನ ಪ್ರಯಾಣಿಕರಿಗೆ ಹೇಳೋದಾದರೆ, ಸಂಪಾಜೆ ಘಾಟಿಯ ತಿರುವುಗಳನ್ನು ನೆನೆಸಿಕೊಳ್ಳಿ. ಮರ ಎಲ್ಲ ಕಿತ್ತುಹಾಕಿ, ಅಗಲ ಅರ್ಧ ಮಾಡಿ, ಎತ್ತರವನ್ನು ಮಡಿಕೇರಿಯ ಮೂರರಷ್ಟು ಮಾಡಿ. 11,575 ಅಡಿ. ಎರಡೂ ಕಡೆ ಗೋಡೆಯಂಥ ಬಂಡೆ. ಆ ಬಂಡೆಯ ಗುಹೆಗಳಲ್ಲಿ, ಕಲ್ಲು ಪೇರಿಸಿದ ಬಂಕರುಗಳಲ್ಲಿ ಮೆಷಿನ್ ಗನ್ನು ಇಟ್ಟುಕೊಂಡು ಕೂತವನಿಗೆ ಕೆಳಗಿನಿಂದ ಬರುವ ಸೈನಿಕ ಅಂದರೆ ಬಯಲಲ್ಲಿ ನಿಂತ ಕೋಳಿ.

ಸೆಪ್ಟೆಂಬರಿನಲ್ಲಿ ಬ್ರಿಗೇಡಿಯರ್ ಅಟಲ್ ಅವರ ಪ್ಯಾರಾ ಬ್ರಿಗೇಡು ಎರಡು ಸಲ ನುಗ್ಗಿ ನೋಡಿತು. ಎರಡು ಸಲವೂ ಹೆಣ, ಗಾಯಾಳುಗಳನ್ನು ಹೊತ್ತು ಹಿಂದಕ್ಕೆ ಬಂತು. ಜವಾನರಿಗೆ ಧೈರ್ಯ ಕಮ್ಮಿಯಾಗಿತ್ತು ಅಂತಲ್ಲ. ಗುಂಡಿಗೆಗೆ ಗುಂಡು ತಡೆಯುವ ಶಕ್ತಿ ಇಲ್ಲ, ಅಷ್ಟೇ ವಿಷಯ.

ಹಿಮದಲ್ಲಿ ಟ್ಯಾಂಕು!

ಆಗ ಹೊಳೆದದ್ದು ಟ್ಯಾಂಕು. ಗುಹೆಯ ಬಾಯಿಗೇ ನೇರವಾಗಿ ತೋಪು ಹೊಡೆಯಬೇಕಾದರೆ ಟ್ಯಾಂಕನ್ನೇ ಮೇಲಕ್ಕೆ ತರಬೇಕು. ಕೇಳಿದವರು ನಕ್ಕಿರಬೇಕು. ಅಷ್ಟು ಎತ್ತರದಲ್ಲಿ ಅದುವರೆಗೆ ಲೋಕದಲ್ಲಿ ಎಲ್ಲೂ ಟ್ಯಾಂಕು ಕಾದಾಡಿರಲಿಲ್ಲ. ಜೋಜಿಲಾಕ್ಕೆ ಇದ್ದದ್ದು ಹೇಸರಗತ್ತೆಯ ದಾರಿ. ಆದರೆ ಮೇಲಿನ ಕಮಾಂಡಿನಲ್ಲಿ ಕೂತಿದ್ದವರು ಲೆಫ್ಟಿನೆಂಟ್ ಜನರಲ್ ಕಾರ್ಯಪ್ಪ. ಅವರು ಒಪ್ಪಿದರು. ಕೊಡಗಿನ ಇಬ್ಬರು ಸೇರಿ ಕಾಶ್ಮೀರದ ಬೆಟ್ಟಕ್ಕೆ ಟ್ಯಾಂಕು ಹತ್ತಿಸಲು ಹೊರಟರು.

7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆ ಇದ್ದವು. ಚಿಕ್ಕ ಜಾತಿಯ ಟ್ಯಾಂಕು. ಚಿಕ್ಕದು ಅಂದರೂ ಒಂದೊಂದೂ ಸುಮಾರು 15 ಟನ್, ಜನ ತುಂಬಿದ ಬಸ್ಸಿನಷ್ಟು ತೂಕ. ಬಾನಿಹಾಲ್ ಘಾಟಿ ದಾಟಿ ಬರಬೇಕು, ದಾರಿಯಲ್ಲಿ ಲಡಕಾಸಿ ಸೇತುವೆಗಳು. ಸೇತುವೆಗೆ ಊರುಗೋಲು ಕೊಟ್ಟು ದಾಟಿಸಿದರು. ಟ್ಯಾಂಕಿನ ತಲೆ, ಅಂದರೆ ತೋಪು ಕೂರುವ ಭಾಗ ಬಿಚ್ಚಿ, ಟಾರ್ಪಾಲು ಹೊದಿಸಿ ಗುರುತು ಸಿಗದ ಹಾಗೆ ಮಾಡಿದರು. ರಾತ್ರಿ ಪ್ರಯಾಣ. ಶ್ರೀನಗರ ದಾಟುವಾಗ ಊರಿಗೆ ಕರ್ಫ್ಯೂ. ಗುಟ್ಟು ಹೊರಬಿದ್ದರೆ ಎದುರಿನವನು ದಾರಿಗೆ ಮೈನು ಹಾಕುತ್ತಾನೆ, ಟ್ಯಾಂಕು ಒಡೆಯುವ ಬಂದೂಕು ತರಿಸಿಕೊಳ್ಳುತ್ತಾನೆ, ಮುಗಿಯಿತು ಕಥೆ.

ಇಲ್ಲಿ ನಮ್ಮ ರಾಜ್ಯಕ್ಕೆ ಸೇರಿದ ಇನ್ನೊಂದು ಪಾಲಿದೆ. ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಬಾಲ್‌ತಾಲ್ ಎಂಬ ತಪ್ಪಲಿನಿಂದ ಕಣಿವೆಯ ನೆತ್ತಿಯವರೆಗೆ ಹೇಸರಗತ್ತೆಯ ದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಮೇಜರ್ ತಂಗರಾಜು ಅವರ ಜವಾನರು. ಈ ಪಡೆಯ ತವರುಮನೆ ಬೆಂಗಳೂರಿನ ಹಲಸೂರು. ಹೆಸರು ಮದ್ರಾಸಿನದು, ಅನ್ನ ನೀರು ಬೆಂಗಳೂರಿನದು! ತೆಂಗಿನ ನಾಡಿನ ಈ ಮಕ್ಕಳು ರಾತ್ರಿಯ ಕೊರೆಯುವ ಚಳಿಯಲ್ಲಿ, ಮೇಲಿಂದ ಗುಂಡು ಬರುತ್ತಿರುವಾಗ ಬಂಡೆಗೆ ಮದ್ದಿಟ್ಟು ಒಡೆದರು. ರಸ್ತೆ ಕಂಟ್ರಾಕ್ಟು ಮಾಡುವ ನಮ್ಮ ಸಾಹುಕಾರರು ಒಂದು ನಿಮಿಷ ಇದನ್ನು ಯೋಚಿಸಲಿ.

ಅಕ್ಟೋಬರ್ 20ಕ್ಕೆ ದಾಳಿ ಅಂತ ಗೊತ್ತಾಗಿತ್ತು. ಹಿಮ ಬಿತ್ತು. ದಿನ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಕಾಯೋದು ಅಂದರೆ ಸುಮ್ಮನೆ ಅಲ್ಲ. ದಿನ ಹೋದಷ್ಟೂ ಗುಟ್ಟು ಒಡೆಯುವ ಭಯ, ದಾರಿ ಪೂರ್ತಿ ಮುಚ್ಚುವ ಭಯ. ಹಿಮಕ್ಕೆ ತಕ್ಕ ಉಡುಪಿಲ್ಲದ ಜವಾನರ ಕೈಕಾಲಿನ ಬೆರಳು ಮರಗಟ್ಟುವ ಭಯ ಬೇರೆ. ಎರಡು ಸಲ ಏಟು ತಿಂದ ಬ್ರಿಗೇಡು ಮೂರನೇ ಸಲ ಅದೇ ದಾರಿಯಲ್ಲಿ ಹೋಗಬೇಕು. ಅವರ ಮನಸ್ಸಿನಲ್ಲಿ ಏನಿದ್ದಿರಬಹುದು?

ನವೆಂಬರ್ 1 ಬಂತು. ಟ್ಯಾಂಕುಗಳು ಸಾಲಾಗಿ ಹೊರಟವು. ನಡೆಸುತ್ತಿದ್ದವರು 7ನೇ ಕ್ಯಾವಲ್ರಿಯ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ಸೈನ್ಯದಲ್ಲಿ ಅವರಿಗೆ ಸ್ಪ್ಯಾರೋ, ಗುಬ್ಬಚ್ಚಿ, ಅಂತ ಅಡ್ಡ ಹೆಸರು. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಆರಡಿ ಮೀರಿದ ಒಂದು ಆಳು ಮೈ ಮಡಚಿಕೊಂಡು ಕೂತಿತ್ತು. ಮೇಜರ್ ಜನರಲ್ ತಿಮ್ಮಯ್ಯ.

ಸ್ಟುವರ್ಟ್ ಟ್ಯಾಂಕಿನ ಒಳಗೆ ನಾಲ್ಕು ಜನ ಕೂರೋದೇ ಕಷ್ಟ. ಎಣ್ಣೆ ವಾಸನೆ, ಎಂಜಿನ್ನಿನ ಗದ್ದಲ, ಸಂದಿಯಲ್ಲಿ ಕಾಣುವಷ್ಟೇ ಲೋಕ. ಮುಂದಿನ ಟ್ಯಾಂಕು ಅಂದರೆ ಮೊದಲ ಗುಂಡು ಅದಕ್ಕೇ, ಮೈನು ಇದ್ದರೆ ಮೊದಲ ಮೈನೂ ಅದಕ್ಕೇ. ಹಿಮದ ಮೇಲೆ ಒಂದು ಚಕ್ರಪಟ್ಟಿ ಜಾರಿದರೆ ಪಕ್ಕದ ಕಂದಕಕ್ಕೆ ಮೊದಲು ಬೀಳುವುದೂ ಅದೇ. ಹಿಂತಿರುಗಿಸಲು ಜಾಗವಿಲ್ಲದ ದಾರಿ.

ಎಂಜಿನ್ ಸದ್ದು ಕೇಳಿದ ಎದುರಾಳಿಗಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ತಿರುವಿನಲ್ಲಿ ಟ್ಯಾಂಕಿನ ಮೂತಿ ಕಂಡಾಗ ಅರ್ಥವಾಯಿತು, ಆದರೆ ಹೊತ್ತು ಮೀರಿತ್ತು. ಮೆಷಿನ್ ಗನ್ನುಗಳು ಗುಂಡಿನ ಮಳೆ ಸುರಿಸಿದವು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಟ್ಯಾಂಕಿನ ಮೈಗೆ ಬಡಿದು ಸಿಡಿದವು. ಟ್ಯಾಂಕುಗಳು ನಿಲ್ಲಲಿಲ್ಲ. ಹತ್ತಿರ ಹೋಗಿ, ಗುಹೆ ಗುಹೆಯ ಬಾಯಿಗೆ, ಬಂಕರು ಬಂಕರಿಗೆ ತೋಪಿನ ಮೂತಿ ತಿರುಗಿಸಿ ಹೊಡೆದವು. ಎರಡು ತಿಂಗಳು ನಮ್ಮವರನ್ನು ತಡೆದು ನಿಲ್ಲಿಸಿದ್ದ ಆ ಕಲ್ಲುಗೂಡುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಗುಹೆ ಬಿಟ್ಟು ಓಡುವವರು ಓಡಿದರು. ಟ್ಯಾಂಕಿನ ಹಿಂದೆ ಕಾಲಾಳುಗಳು ನುಗ್ಗಿದರು. ಸಂಜೆಯ ಹೊತ್ತಿಗೆ ಜೋಜಿಲಾ ದಾಟಿ ಆಚೆಯ ಗುಮ್ರಿ ಬಯಲು ನಮ್ಮ ಕೈಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಎರಡು ಸಲ ಆಗದಿದ್ದದ್ದು ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು.

ಈಗ ಇಟ್ಟುಕೊಂಡಿದ್ದ ಪ್ರಶ್ನೆಗೆ ಬರೋಣ. ಡಿವಿಜನ್ ಕಮಾಂಡರ್ ಮುಂದಿನ ಟ್ಯಾಂಕಿನಲ್ಲಿ ಕೂರೋದು ಸರಿಯೇ? ಮಿಲಿಟರಿ ಶಾಸ್ತ್ರ ಓದಿದವರು ತಪ್ಪು ಅನ್ನುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ದೊಡ್ಡ ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆ ಬಿಟ್ಟು ಮೂಟೆ ಹೊರಲು ಹೋದರೆ ವ್ಯಾಪಾರ ನೋಡುವವರು ಯಾರು? ಒಂದು ಗುಂಡು ಸಂದಿಯಲ್ಲಿ ತೂರಿದ್ದರೆ ಸಾವಿರಾರು ಜನರ ಪಡೆ ತಲೆಯಿಲ್ಲದ ಮುಂಡವಾಗುತ್ತಿತ್ತು.

ಆದರೆ ಆ ದಿನದ ಲೆಕ್ಕ ಬೇರೆ ಅಂತ ನನಗನ್ನಿಸುತ್ತದೆ. ಟ್ಯಾಂಕು ಆ ಬೆಟ್ಟ ಹತ್ತುತ್ತದೆ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಹತ್ತುತ್ತದೆ ಅಂದವರು ತಿಮ್ಮಯ್ಯ. ಎರಡು ಸಲ ಸತ್ತು ಬದುಕಿ ಬಂದವರಿಗೆ ಮೂರನೇ ಸಲ ಹೋಗಿ ಅಂದವರೂ ಅವರೇ. ತನ್ನ ಮಾತಿನ ಮೇಲೆ ತನಗೆ ಎಷ್ಟು ನಂಬಿಕೆ ಇದೆ ಅಂತ ಜವಾನನಿಗೆ ತೋರಿಸಲು ಬೇರೆ ಯಾವ ದಾರಿ ಇತ್ತು? ಮೇ ತಿಂಗಳಲ್ಲಿ ಲೇಹ್ ವಿಮಾನ ಹತ್ತಿದ್ದೂ ಇದೇ ಕಾರಣಕ್ಕೆ. ಯಾರೂ ಹೋಗದ ಜಾಗಕ್ಕೆ ಬೇರೆಯವರನ್ನು ಕಳಿಸುವ ಮೊದಲು ತಾನು ಹೋಗಿ ಬರುವುದು. ದಿನಾ ಹೀಗೆ ಮಾಡುವ ಸೇನಾಪತಿ ಮೂರ್ಖ. ಯಾವತ್ತೂ ಮಾಡದವನನ್ನು ಜವಾನ ನಂಬೋದಿಲ್ಲ. ಯಾವ ದಿನ ಅಂತ ತಿಳಿದುಕೊಳ್ಳೋದೇ ಕಷ್ಟದ ವಿದ್ಯೆ.

ಆಮೇಲಿನದು ಬೇಗ ಹೇಳುತ್ತೇನೆ. ನವೆಂಬರ್ ಮಧ್ಯದಲ್ಲಿ ದ್ರಾಸ್ ಕೈಸೇರಿತು. 24ರ ಹೊತ್ತಿಗೆ ಕಾರ್ಗಿಲ್. ಲೇಹ್ ಕಡೆಯಿಂದ ಬಂದ ಪಡೆಯೂ ಇವರ ಜೊತೆ ಕೂಡಿಕೊಂಡಿತು. 1999ರಲ್ಲಿ ನಾವು ಟಿ.ವಿ. ಮುಂದೆ ಕೂತು ದಿನಾ ಕೇಳಿದ ದ್ರಾಸ್, ಕಾರ್ಗಿಲ್ ಇವೇ. 1949ರ ಜನವರಿ 1ಕ್ಕೆ ಕದನ ವಿರಾಮವಾಯಿತು. ಅಂದರೆ ಎರಡೇ ತಿಂಗಳ ಅಂತರ. ಜೋಜಿಲಾ ಆ ಚಳಿಗಾಲಕ್ಕೆ ಮೊದಲು ತೆರೆಯದಿದ್ದರೆ ಗೆರೆ ಎಲ್ಲಿ ಬೀಳುತ್ತಿತ್ತೋ! ರಾಜಿಂದರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು. ತಿಮ್ಮಯ್ಯನವರ ಮನೆಗೆ ಆ ಯುದ್ಧದಿಂದ ಬಂದದ್ದು ಇನ್ನೊಂದು ಸುದ್ದಿ. ತಮ್ಮ ಸೋಮಯ್ಯ ಕೂಡ ಸೈನ್ಯದಲ್ಲಿದ್ದರು. ಅದೇ ಜಮ್ಮು-ಕಾಶ್ಮೀರದ ಕಾರ್ಯಾಚರಣೆಯಲ್ಲಿ ಮೈನು ಸಿಡಿದು ತೀರಿಕೊಂಡರು.

1953ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಕೊರಿಯಾ ಕೆಲಸ ಬಂತು. ಯುದ್ಧ ನಿಂತಿತ್ತು, ಆದರೆ ತಮ್ಮ ದೇಶಕ್ಕೆ ವಾಪಸ್ಸು ಹೋಗಲ್ಲ ಅಂತ ಹಟ ಹಿಡಿದ 22 ಸಾವಿರಕ್ಕೂ ಹೆಚ್ಚು ಕೈದಿಗಳು ಅಲ್ಲಿದ್ದರು. ಅವರ ಹಣೆಬರಹ ನಿರ್ಧರಿಸುವ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಕಂಗಾವಿನ ಹಳೆಯ ಜೊತೆಗಾರ ಥೋರಟ್. ಎರಡೂ ಬಣದವರು ದಿನಾ ಬೈಯುತ್ತಿದ್ದರು. ಇಬ್ಬರೂ ಬೈದರೆ ಪಂಚಾಯಿತಿ ನೆಟ್ಟಗಿದೆ ಅಂತ ಅರ್ಥ. 1954ರಲ್ಲಿ ಪದ್ಮಭೂಷಣ ಕೊಟ್ಟರು.

1957ರ ಮೇ ತಿಂಗಳಲ್ಲಿ ಸೈನ್ಯದ ಮುಖ್ಯಸ್ಥರಾದರು. ಇಲ್ಲಿ ಒಂದು ಕಹಿ ಅಧ್ಯಾಯ ಇದೆ, ಪ್ರತಿಮೆಗೆ ಹಾರ ಹಾಕುವ ದಿನ ಯಾರೂ ಎತ್ತುವುದಿಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಬಡ್ತಿ, ನೇಮಕಗಳ ವಿಷಯದಲ್ಲಿ ಜಗಳ ಬೆಳೆದು 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಸಮಾಧಾನ ಹೇಳಿದರು, ಇವರು ವಾಪಸ್ಸು ತೆಗೆದುಕೊಂಡರು. ಮಾರನೇ ದಿನಗಳಲ್ಲಿ ಅದೇ ನೆಹರೂ ಪಾರ್ಲಿಮೆಂಟಿನಲ್ಲಿ ಮಂತ್ರಿಯ ಪರ ನಿಂತು, ರಾಜೀನಾಮೆ ಕೊಟ್ಟದ್ದು ಸರಿಯಲ್ಲ ಅಂತ ಇವರನ್ನೇ ಟೀಕಿಸಿದರು. ಕೊಟ್ಟ ಮೇಲೆ ಹಿಂತೆಗೆದುಕೊಳ್ಳಬಾರದಿತ್ತು ಅನ್ನುವವರಿದ್ದಾರೆ. ಆರಿಸಿ ಬಂದ ಸರ್ಕಾರದ ಎದುರು ಜನರಲ್ ತೊಡೆ ತಟ್ಟದೆ ಇದ್ದದ್ದೇ ಒಳ್ಳೆಯದಾಯಿತು, ನೆರೆಯ ದೇಶ ನೋಡಿ ಅನ್ನುವವರೂ ಇದ್ದಾರೆ. ನನಗೆ ಎರಡನೆಯದು ಸರಿ ಕಾಣುತ್ತದೆ. ಆದರೆ ಮೆಷಿನ್ ಗನ್ನಿನ ಎದುರು ಅಳುಕದ ಮನುಷ್ಯನಿಗೆ ದೆಹಲಿಯ ಕುರ್ಚಿಗಳ ಎದುರು ಆ ವಾರ ಬಹಳ ಉದ್ದವಾಗಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರು ವರ್ಷ ಚೀನಾ ಯುದ್ಧವಾದಾಗ ಅವರು ಸೈನ್ಯದಲ್ಲಿ ಇರಲಿಲ್ಲ.

ಆದರೂ ಕೆಲಸ ಬಿಡಲಿಲ್ಲ. 1964ರ ಜುಲೈನಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆ ಶಾಂತಿ ಪಡೆಯ ಕಮಾಂಡರ್ ಆಗಿ ಹೋದರು. ಗ್ರೀಕರು, ತುರ್ಕರು ಬೀದಿ ಬೀದಿಯಲ್ಲಿ ಹೊಡೆದಾಡುತ್ತಿದ್ದ ಕಾಲ. ಅಲ್ಲಿ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಶರೀರವನ್ನು ವಿಮಾನದಲ್ಲಿ ತಂದು ಬೆಂಗಳೂರಿನಲ್ಲಿ ಮಣ್ಣು ಮಾಡಿದರು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ, ಆದರೆ ಆಟೋದವರಿಗೆ ಜನರಲ್ ತಿಮ್ಮಯ್ಯ ರಸ್ತೆ ಅಂದರೆ ಎಷ್ಟು ಜನಕ್ಕೆ ತಿಳಿಯುತ್ತದೋ.

ಸೈಪ್ರಸ್ಸಿನವರು 1966ರಲ್ಲಿ ಅವರ ಚಿತ್ರದ ಅಂಚೆ ಚೀಟಿ ತಂದರು. ಅಲ್ಲಿನ ಲಾರ್ನಾಕಾ ಪಟ್ಟಣದ ಒಂದು ದೊಡ್ಡ ರಸ್ತೆಗೂ ಮಡಿಕೇರಿಯ ಈ ಜನರಲ್ಲರದೇ ಹೆಸರು.